ಹಳೆ ಫೋನೇ ಸರ್ವರ್, ಕೀಲಿಕೈ ನಿಮ್ಮ ಜೇಬಲ್ಲಿ

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ವಿದ್ಯಾರ್ಥಿಗಳಿಗೆ ಪಾಠಕ್ಕಿಂತ ಮೊದಲು ರಸ್ತೆಯ ಚಿಂತೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಮೂರು ವಾರ ಕಳೆದಿತ್ತಷ್ಟೆ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ನದಿಗೆ ಕುಸಿದು ಬಿತ್ತು. ಅಂಕೋಲಾ ಕಡೆಯಿಂದ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವವರು ದಾಟಬೇಕಾದದ್ದು ಅದೇ ನದಿಯನ್ನು. ಇಂಥ ದುರಂತಗಳಿಲ್ಲದ ವರ್ಷದಲ್ಲೂ ಭಾರಿ ಮಳೆ, ರಜೆ ಘೋಷಣೆ, ಬಾರದ ಬಸ್ಸು ನಮಗೆ ಮಾಮೂಲು.

ರಜೆ ಸಿಕ್ಕಿತೆಂದು ಕುಣಿಯುವ ವಯಸ್ಸು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಅರ್ಧ ಬರೆದ ಪ್ರೋಗ್ರಾಂ ಲ್ಯಾಬಿನ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಲ್ಯಾಬಿಗೆ ಬೀಗ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. ಕೆಲಸದ ಜಾಹೀರಾತುಗಳಲ್ಲಿ ಮಾತ್ರ ‘ಲಿನಕ್ಸ್ ತಿಳಿದಿರಬೇಕು, ಸರ್ವರ್ ನಿರ್ವಹಣೆಯ ಪರಿಚಯ ಇರಬೇಕು’ ಎಂಬ ಸಾಲು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಸರ್ವರ್ ಮುಟ್ಟದವರಿಗೆ ಅದರ ಪರಿಚಯ ಆಗುವುದು ಹೇಗೆ?

ಉತ್ತರ ಬಹುಶಃ ನಿಮ್ಮ ಮನೆಯ ಕಪಾಟಿನಲ್ಲೇ ಇದೆ. ಪರದೆ ಬಿರುಕು ಬಿಟ್ಟಿದೆ ಎಂದೋ, ನಿಧಾನವಾಯಿತು ಎಂದೋ ಬದಿಗಿಟ್ಟ ಹಳೆಯ ಆಂಡ್ರಾಯ್ಡ್ ಫೋನ್. ಆಂಡ್ರಾಯ್ಡ್‌ನ ಒಳತಿರುಳೇ ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟು ಬೇರೆ ವ್ಯವಸ್ಥೆಯೇ ಇಲ್ಲ. ಅದರದೇ ಬಂಧು ನಿಮ್ಮ ಕಪಾಟಿನಲ್ಲಿ ಮಲಗಿದೆ. ಎಬ್ಬಿಸಲು ಬೇಕಾದದ್ದು ಎರಡು: ಟರ್ಮಕ್ಸ್ ಎಂಬ ಉಚಿತ ಆ್ಯಪ್ ಮತ್ತು ಎಸ್‌ಎಸ್‌ಎಚ್ ಎಂಬ ಸೌಲಭ್ಯ.

ಏನಿದು ಎಸ್‌ಎಸ್‌ಎಚ್?

ಎಸ್‌ಎಸ್‌ಎಚ್ ಅಂದರೆ ಸೆಕ್ಯೂರ್ ಶೆಲ್. ದೂರದಲ್ಲಿರುವ ಕಂಪ್ಯೂಟರಿನೊಳಗೆ ಹೋಗಿ, ಅದರ ಮುಂದೆಯೇ ಕುಳಿತವರಂತೆ ಆದೇಶ ಕೊಡುವ ಸುರಕ್ಷಿತ ದಾರಿ. ಇದಕ್ಕೂ ಮೊದಲು ಟೆಲ್‌ನೆಟ್ ಎಂಬ ವ್ಯವಸ್ಥೆ ಇತ್ತು. ಅದರಲ್ಲಿ ನಾವು ಟೈಪಿಸಿದ ಪಾಸ್‌ವರ್ಡ್ ಅಂಚೆ ಕಾರ್ಡಿನ ಮೇಲಿನ ಬರಹದ ಹಾಗೆ, ನಡುದಾರಿಯಲ್ಲಿ ಯಾರು ಬೇಕಾದರೂ ಓದುವಂತೆ ಸಾಗುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡ್‌ಗಳ ಕಳವಾದಾಗ, ಅಲ್ಲಿದ್ದ ತಾತು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದರು. ಆಗ ಕಡತ ಕಳಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23 ಎಂಬ ಪೋರ್ಟ್ ಸಂಖ್ಯೆಗಳಿದ್ದವು. ನಡುವೆ ಖಾಲಿಯಿದ್ದ 22ನ್ನು ಅವರು ಕೇಳಿ ಪಡೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಇದರ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ ಕೊಟ್ಟಿತು. ನಾವು ಫೋನಿಗೆ ಹಾಕಿಕೊಳ್ಳುವುದು ಇದನ್ನೇ.

ಎರಡು ಫೋನ್ ಸಾಕು

ಟರ್ಮಕ್ಸ್‌ಗೆ ಆಂಡ್ರಾಯ್ಡ್ 7 ಅಥವಾ ಅದಕ್ಕಿಂತ ಹೊಸದು ಇದ್ದರೆ ಒಳ್ಳೆಯದು. ಆ್ಯಪನ್ನು ಎಫ್-ಡ್ರಾಯ್ಡ್ ತಾಣದಿಂದ ಇಳಿಸಿಕೊಳ್ಳಿ. ಫೋನನ್ನು ರೂಟ್ ಮಾಡಬೇಕಾಗಿಲ್ಲ. ತೆರೆದ ಕೂಡಲೇ ಕಪ್ಪು ಪರದೆ ಬರುತ್ತದೆ. ಅಲ್ಲಿ ‘ಪಿಕೆಜಿ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್’ ಎಂಬ ಆದೇಶ ಕೊಟ್ಟರೆ ಸಾಫ್ಟ್‌ವೇರ್ ಬಂದು ಕೂರುತ್ತದೆ. ‘ಪಾಸ್‌ಡಬ್ಲ್ಯುಡಿ’ ಎಂದರೆ ಪಾಸ್‌ವರ್ಡ್ ಕೇಳುತ್ತದೆ. ‘ಎಸ್‌ಎಸ್‌ಎಚ್‌ಡಿ’ ಎಂದರೆ ಸರ್ವರ್ ಶುರು. ಪರದೆಯ ಮೇಲೆ ಏನೂ ಕಾಣದಿದ್ದರೆ ಗಾಬರಿ ಬೇಡ. ಲಿನಕ್ಸ್‌ನಲ್ಲಿ ಮೌನವೆಂದರೆ ಸಾಮಾನ್ಯವಾಗಿ ಕೆಲಸ ಆಯಿತೆಂದೇ ಅರ್ಥ.

ಈಗ ದಿನಬಳಕೆಯ ಫೋನಿನಲ್ಲೂ ಟರ್ಮಕ್ಸ್ ಮತ್ತು ಓಪನ್‌ಎಸ್‌ಎಸ್‌ಎಚ್ ಹಾಕಿ. ಅದರ ಹಾಟ್‌ಸ್ಪಾಟ್‌ಗೆ ಹಳೆ ಫೋನನ್ನು ಸೇರಿಸಿ. ಹಳೆ ಫೋನಿನ ವೈಫೈ ವಿವರದಲ್ಲಿ ಐಪಿ ವಿಳಾಸ ಸಿಗುತ್ತದೆ. ಹೊಸ ಫೋನಿನಲ್ಲಿ ‘ಎಸ್‌ಎಸ್‌ಎಚ್’ ಎಂದು ಬರೆದು, ಪೋರ್ಟ್ 8022 ಎಂದು ತಿಳಿಸಿ, ಆ ವಿಳಾಸ ಕೊಡಿ. 22 ಇರಬೇಕಾದಲ್ಲಿ 8022 ಏಕೆ? 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು ತೆರೆಯುವ ಅಧಿಕಾರ ರೂಟ್ ಬಳಕೆದಾರನಿಗೆ ಮಾತ್ರ. ರೂಟ್ ಮಾಡದ ಫೋನಿನಲ್ಲಿ ನಾವು ಸಾಮಾನ್ಯ ಪ್ರಜೆಗಳು. ಸಂದರ್ಶನದಲ್ಲಿ ಈ ಪ್ರಶ್ನೆ ಬಂದರೆ, ಮಾಡಿ ನೋಡಿದವರಿಗೆ ಉತ್ತರ ಬಾಯಿಪಾಠ ಮಾಡುವ ಅಗತ್ಯವಿರುವುದಿಲ್ಲ.

ಎರಡು ಫೋನುಗಳ ನಡುವಿನ ಈ ಮಾತುಕತೆಗೆ ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಮಳೆಗೆ ಟವರ್ ಕೈಕೊಟ್ಟು ಸಿಗ್ನಲ್ ಇಲ್ಲದಿದ್ದರೂ ಹೆಚ್ಚಿನ ಫೋನ್‌ಗಳಲ್ಲಿ ಹಾಟ್‌ಸ್ಪಾಟ್ ನಡೆಯುತ್ತದೆ. ಕರೆಂಟ್ ಹೋದರೆ ಫೋನಿನ ಬ್ಯಾಟರಿಯೇ ಯುಪಿಎಸ್. ಒಂದು ಕೀಬೋರ್ಡನ್ನು ಒಟಿಜಿ ಮೂಲಕ ಜೋಡಿಸಿಕೊಂಡರೆ ಟೈಪಿಂಗ್ ಕೂಡ ಹಗುರ. ಲ್ಯಾಪ್‌ಟಾಪ್ ಇರುವ ಗೆಳೆಯರಿದ್ದರೆ ಇನ್ನೂ ಸುಲಭ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್ ಆದೇಶ ಮೊದಲೇ ಇರುತ್ತದೆ.

ದಿನಬಳಕೆಯ ಫೋನಿನಲ್ಲೇ ಟರ್ಮಕ್ಸ್ ತೆರೆದು ಕಲಿಯಬಹುದಲ್ಲ, ಇನ್ನೊಂದು ಫೋನ್ ಏಕೆ ಎಂದು ಕೇಳಬಹುದು. ಆದೇಶಗಳನ್ನು ಕಲಿಯಲು ಒಂದೇ ಸಾಕು. ಆದರೆ ಕಂಪನಿಗಳ ಸರ್ವರ್‌ಗಳು ಕಣ್ಣೆದುರು ಇರುವುದಿಲ್ಲ. ಮುಂಬೈಯಲ್ಲೋ ಸಿಂಗಪುರದಲ್ಲೋ ಇರುವ ಯಂತ್ರವನ್ನು ಮುಟ್ಟದೆ, ನೋಡದೆ ಸಂಭಾಳಿಸಬೇಕು. ಸಂಪರ್ಕ ಕಡಿದಾಗ ಏನಾಯಿತೆಂದು ಊಹಿಸಿ, ಮತ್ತೆ ಒಳಗೆ ಹೋಗುವ ದಾರಿ ಹುಡುಕಬೇಕು. ಈ ಅಭ್ಯಾಸ ಒಂದೇ ಯಂತ್ರದಿಂದ ಬರುವುದಿಲ್ಲ. ನನ್ನದು ಪರದೆಯ ಮೂಲೆ ಒಡೆದ, ಮಾರಲು ಹೋದರೆ ಯಾರೂ ಕೇಳದ ಫೋನ್. ಈ ಕೆಲಸಕ್ಕೆ ಅದರ ಪರದೆ ಬೇಕಾಗಿಯೇ ಇಲ್ಲ.

ಪಾಸ್‌ವರ್ಡ್ ಬಿಡಿ, ಕೀ ಹಿಡಿಯಿರಿ

ಪಾಸ್‌ವರ್ಡ್‌ನಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ದಿನಬಳಕೆಯ ಫೋನಿನಲ್ಲಿ ‘ಎಸ್‌ಎಸ್‌ಎಚ್-ಕೀಜೆನ್’ ಆದೇಶ ಕೊಟ್ಟರೆ ಎರಡು ಕಡತಗಳು ಹುಟ್ಟುತ್ತವೆ. ಒಂದು ಬೀಗದಂತೆ, ಇನ್ನೊಂದು ಕೀಲಿಕೈಯಂತೆ. ಬೀಗ, ಅಂದರೆ ಪಬ್ಲಿಕ್ ಕೀ, ಹಳೆ ಫೋನಿಗೆ ಹೋಗಬೇಕು. ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಆದೇಶ ಅದನ್ನು ಅಲ್ಲಿಗೆ ಮುಟ್ಟಿಸುತ್ತದೆ. ಕೀಲಿಕೈ, ಅಂದರೆ ಪ್ರೈವೇಟ್ ಕೀ, ನಿಮ್ಮಲ್ಲೇ ಉಳಿಯಬೇಕು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾಗಲಿ, ಗಿಟ್‌ಹಬ್‌ಗೆ ಏರಿಸುವುದಾಗಲಿ, ಲ್ಯಾಬಿನ ಕಂಪ್ಯೂಟರಿನಲ್ಲಿ ಬಿಟ್ಟು ಬರುವುದಾಗಲಿ ಕೂಡದು. ಅದಕ್ಕೊಂದು ಪಾಸ್‌ಫ್ರೇಸ್ ಹಾಕಿಟ್ಟರೆ ಫೋನ್ ಕಳೆದರೂ ಧೈರ್ಯ.

ಕೀ ಮೂಲಕ ಪ್ರವೇಶ ಸಿಗುತ್ತಿದೆ ಎಂದು ಖಚಿತವಾದ ಮೇಲೆ ಸರ್ವರ್‌ನ ಸಂರಚನಾ ಕಡತದಲ್ಲಿ ಪಾಸ್‌ವರ್ಡ್ ಪ್ರವೇಶವನ್ನು ‘ನೋ’ ಎಂದು ಬದಲಿಸಿ ಎಸ್‌ಎಸ್‌ಎಚ್‌ಡಿಯನ್ನು ಮತ್ತೆ ಶುರು ಮಾಡಿ. ಒಂದು ಸಂಪರ್ಕ ತೆರೆದಿಟ್ಟುಕೊಂಡೇ ಇನ್ನೊಂದರಲ್ಲಿ ಪರೀಕ್ಷಿಸಿ. ಒಳಗಿದ್ದು ಬಾಗಿಲು ಹಾಕಿಕೊಂಡರೆ ತೆರೆಯಬಹುದು, ಹೊರಗೆ ನಿಂತು ಹಾಕಿಕೊಂಡರೆ ಕಷ್ಟ. ಕ್ಲೌಡ್ ಕಂಪನಿಗಳ ಸರ್ವರ್‌ಗಳಿಗೂ ಕೀ ಮೂಲಕ ಹೋಗುವುದೇ ರೂಢಿ. ಮನೆಯಲ್ಲಿ ಕಲಿತ ಈ ಶಿಸ್ತು ಅಲ್ಲಿಗೂ ಹಾಗೆಯೇ ಒಗ್ಗುತ್ತದೆ.

ಅಂಕೋಲಾದಲ್ಲಿ ಫೋನ್, ಕಾರವಾರದಲ್ಲಿ ನೀವು

ಹಳೆ ಫೋನ್ ಅಂಕೋಲಾದ ಮನೆಯಲ್ಲಿ, ನೀವು ಕಾರವಾರದ ಹಾಸ್ಟೆಲಿನಲ್ಲಿ. ಹಾಟ್‌ಸ್ಪಾಟ್ ಅಲ್ಲಿಗೆ ಎಟುಕುವುದಿಲ್ಲ. ಇಂಟರ್ನೆಟ್ ಮೂಲಕ ಹೋಗೋಣವೆಂದರೆ ಹೊಸ ತೊಡಕು. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ದೊಡ್ಡ ಲಾಡ್ಜಿನ ಹಾಗೆ. ಒಳಗಿರುವವರು ಹೊರಗೆ ಹೋಗಿ ಬರಬಹುದು, ಹೊರಗಿನವರಿಗೆ ಮಾತ್ರ ಯಾರು ಯಾವ ಕೋಣೆಯಲ್ಲಿದ್ದಾರೆ ಎಂಬುದು ತಿಳಿಯದು.

ಇದಕ್ಕೆ ಸುಲಭ ಪರಿಹಾರ ಖಾಸಗಿ ಜಾಲ. ಟೇಲ್‌ಸ್ಕೇಲ್‌ನಂಥ ಆ್ಯಪ್ ವೈಯಕ್ತಿಕ ಬಳಕೆಗೆ ಉಚಿತ. ಎರಡೂ ಫೋನುಗಳಲ್ಲಿ ಅದನ್ನು ಹಾಕಿ ಒಂದೇ ಖಾತೆಯಿಂದ ಲಾಗಿನ್ ಆದರೆ ಎರಡಕ್ಕೂ ತಮ್ಮದೇ ವಿಳಾಸ ಸಿಗುತ್ತದೆ. ಆ ವಿಳಾಸ ನಿಮ್ಮ ಸಾಧನಗಳಿಗೆ ಮಾತ್ರ ಗೊತ್ತು. ಮತ್ತೆ ಅದೇ 8022, ಅದೇ ಕೀ. ಪೋರ್ಟನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡುವ ಸಾಹಸ ಬೇಡ. ತೆರೆದ ಎಸ್‌ಎಸ್‌ಎಚ್ ಪೋರ್ಟ್‌ಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುವ ಸ್ವಯಂಚಾಲಿತ ಪ್ರೋಗ್ರಾಂಗಳು ಹಗಲೂ ರಾತ್ರಿ ತಿರುಗುತ್ತಲೇ ಇರುತ್ತವೆ.

ಮಿತಿ, ಎಚ್ಚರ

ಬ್ಯಾಟರಿ ಉಳಿಸಲೆಂದು ಆಂಡ್ರಾಯ್ಡ್ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತದೆ. ಟರ್ಮಕ್ಸ್‌ಗೆ ಬ್ಯಾಟರಿ ನಿರ್ಬಂಧದಿಂದ ವಿನಾಯಿತಿ ಕೊಟ್ಟು, ‘ಟರ್ಮಕ್ಸ್-ವೇಕ್-ಲಾಕ್’ ಆದೇಶ ಕೊಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಹಿನ್ನೆಲೆಯ ಉಪಪ್ರಕ್ರಿಯೆಗಳಿಗೆ 32ರ ಮಿತಿಯೂ ಇದೆ. ಈ ಕೆಲಸಕ್ಕೆ ಕೆಲವೊಮ್ಮೆ ಹಳೆ ಫೋನೇ ವಾಸಿ ಎನ್ನಲು ಇದೂ ಒಂದು ಕಾರಣ. ಹಗಲಿರುಳು ಚಾರ್ಜಿಗೆ ಹಾಕಿಡಬೇಡಿ. ಬ್ಯಾಟರಿ ಉಬ್ಬಿದ್ದರೆ ಆ ಫೋನ್ ಬಳಸಲೇಬೇಡಿ. ಹಾಸಿಗೆ, ಪುಸ್ತಕದ ರಾಶಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿಡಿ.

ಕಾಲೇಜಿನ ಅಥವಾ ಕಚೇರಿಯ ವೈಫೈನಲ್ಲಿ ಸರ್ವರ್ ನಡೆಸುವ ಮುನ್ನ ಅನುಮತಿ ಪಡೆಯಿರಿ. ನಿಮ್ಮದಲ್ಲದ ಯಂತ್ರದ ಬಾಗಿಲು ತಟ್ಟುವ ಕುತೂಹಲವಂತೂ ಬೇಡವೇ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಮತ್ತು 66ರ ಪ್ರಕಾರ ದುರುದ್ದೇಶದ ಅನಧಿಕೃತ ಪ್ರವೇಶಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನೌಕಾನೆಲೆ, ಅಣು ವಿದ್ಯುತ್ ಸ್ಥಾವರ ಎರಡೂ ಇರುವ ತಾಲ್ಲೂಕಿನಲ್ಲಿ ಈ ಮಾತನ್ನು ಒಂದಲ್ಲ, ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಇದು ಪೂರ್ಣ ಪ್ರಮಾಣದ ಲಿನಕ್ಸ್ ಸರ್ವರ್ ಅಲ್ಲ. ಸಿಸ್ಟಮ್‌ಡಿ ಇಲ್ಲ, ರೂಟ್ ಇಲ್ಲದೆ ಡಾಕರ್ ನಡೆಯದು. ಹಾಗಾಗಿ ರೆಸ್ಯೂಮೆಯಲ್ಲಿ ‘ಸರ್ವರ್ ಅಡ್ಮಿನ್’ ಎಂದು ಬರೆದುಕೊಳ್ಳಬೇಡಿ. ‘ಹಳೆಯ ಫೋನಿನಲ್ಲಿ ಎಸ್‌ಎಸ್‌ಎಚ್ ಸರ್ವರ್ ಸ್ಥಾಪಿಸಿ, ಕೀ ಮೂಲಕ ಮಾತ್ರ ಪ್ರವೇಶ ಇಟ್ಟು, ಅದರಲ್ಲಿ ಇಂಥ ಕೆಲಸ ನಡೆಸಿದ್ದೇನೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಪ್ರಶ್ನೆ ಕೇಳುವವರಿಗೆ ಕುತೂಹಲ ಹುಟ್ಟಿಸಲು ಅಷ್ಟು ಸಾಕು.

ಆ ‘ಇಂಥ ಕೆಲಸ’ ಯಾವುದಾಗಬಹುದು? ಪೈಥಾನ್ ಅಭ್ಯಾಸ, ಗಿಟ್ ಭಂಡಾರ, ಮನೆಯವರ ಫೋಟೊಗಳಿಗೆ ಬ್ಯಾಕಪ್, ತೋಟದ ಕರಿ ಈಶಾಡ ಮಾವಿಗೆ ಬಂದ ಆರ್ಡರ್‌ಗಳನ್ನು ಬರೆದಿಡುವ ಪುಟ್ಟ ವೆಬ್ ಪುಟ, ಹೀಗೆ ನಿಮಗೆ ನಿಜಕ್ಕೂ ಬೇಕಾದದ್ದು ಯಾವುದಾದರೂ ಸರಿ. ಬೇಕಾದದ್ದಾದರೆ ಮಾತ್ರ ಅದು ನಿಂತಾಗ ಎದ್ದು ಸರಿಮಾಡುವ ಮನಸ್ಸು ಬರುತ್ತದೆ.

ಮುಂದಿನ ಮಳೆ ರಜೆಗೆ ಲೆಕ್ಕ ಹೀಗಿರಲಿ. ಮೊದಲ ದಿನ ಎರಡು ಫೋನುಗಳನ್ನು ಮಾತಾಡಿಸಿ. ಎರಡನೇ ದಿನ ಕೀ ಹಾಕಿ ಪಾಸ್‌ವರ್ಡ್ ಬಂದ್ ಮಾಡಿ. ಮೂರನೇ ದಿನ ಹಳೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಚಾರ್ಜ್ ಮಾಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟದೆ ಒಂದು ವಾರ ನಡೆಸಿ ನೋಡಿ. ನಡುವೆ ಅದು ಎಷ್ಟು ಸಲ ನಿಂತಿತು, ಏಕೆ ನಿಂತಿತು, ಹೇಗೆ ಸರಿಮಾಡಿದಿರಿ ಎಂದು ನೋಟ್ಸ್ ಪುಸ್ತಕದಲ್ಲಿ ಬರೆದಿಡಿ. ಸಂದರ್ಶನದ ಹಿಂದಿನ ರಾತ್ರಿ ತೆರೆದು ಓದಬೇಕಾದ ಪುಟ ಅದೇ.