ಒಂಟಿಯಾಗಿ ಓಡುವವರ ಆತ್ಮರಕ್ಷಣೆ

ವ್ಯಾಯಾಮವು ದೇಹಕ್ಕೆ ಹಿತಕರವೆಂಬುದನ್ನು ಇಂದಿನ ಗೃಹಸ್ಥರಿಗೆ ಹೊಸದಾಗಿ ಹೇಳಬೇಕಾದದ್ದಿಲ್ಲ. ಆದರೆ ನಮ್ಮ ಸೀಮೆಯ ತರುಣ ತರುಣಿಯರಿಗೆ ಓಟವು ಬರಿಯ ಆರೋಗ್ಯಸಾಧನವಲ್ಲ. ಅದು ಅನ್ನದ ಮಾರ್ಗವೂ ಆಗಿರುವದು. ಪೋಲೀಸ್ ಪೇದೆಯ ನೌಕರಿಯನ್ನು ಬಯಸುವ ಗಂಡುಮಗನು 1,600 ಮೀಟರು ದೂರವನ್ನು ಆರೂವರೆ ನಿಮಿಷಗಳಲ್ಲಿಯೂ, ಹೆಣ್ಣುಮಗಳು 400 ಮೀಟರು ದೂರವನ್ನು ಎರಡು ನಿಮಿಷಗಳಲ್ಲಿಯೂ ಓಡಿ ಮುಗಿಸಬೇಕಾಗುವದು. ರಾಯಚೂರಿನವರಿಗೆ ಮಹಾತ್ಮಾ ಗಾಂಧಿ ಕ್ರೀಡಾಂಗಣವಿದೆ. ಕಲ್ಮಲದಂಥ ಊರಿನವರಿಗೆ ರಸ್ತೆಯೇ ಕ್ರೀಡಾಂಗಣ. ಒಂದು ಕಡೆಗೆ ಮಾನ್ವಿಯ ದಾರಿ, ಇನ್ನೊಂದು ಕಡೆಗೆ ದೇವದುರ್ಗದ ದಾರಿ. ಎರಡೂ ಕಡೆಗೆ ಎರೆಹೊಲ, ಬೆಳಗಿನ ಜಾವದ ಕತ್ತಲೆ. ಇಂಥಲ್ಲಿ ಮಕ್ಕಳು ಒಬ್ಬೊಬ್ಬರೇ ಓಡಲು ಹೊರಟಾಗ ಹಿರಿಯರ ಎದೆ ಅಳುಕುವದು ಸಹಜವೇ. ಆ ಅಳುಕಿಗೆ ಉಪಾಯವೇನೆಂಬುದೇ ಈ ಲೇಖನದ ವಿಷಯ.

ಆತ್ಮರಕ್ಷಣೆಯೆಂದೊಡನೆ ಕಳ್ಳನೂ ಪುಂಡನೂ ನಮ್ಮ ಕಣ್ಣ ಮುಂದೆ ನಿಲ್ಲುವರು. ಆದರೆ ಭಯಗಳಿಗೂ ಒಂದು ಅನುಕ್ರಮವುಂಟು. ಅದರಲ್ಲಿ ಮೊದಲಿನದು ಮನುಷ್ಯನಲ್ಲ, ವಾಹನ. 2023ನೆಯ ಒಂದೇ ವರುಷದಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ಮಡಿದವರು 1 ಲಕ್ಷ 72 ಸಾವಿರಕ್ಕೂ ಮಿಕ್ಕಿದರು. ಅವರಲ್ಲಿ 35 ಸಾವಿರಕ್ಕೂ ಹೆಚ್ಚು ಜನರು ಕಾಲ್ನಡಿಗೆಯವರು. ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಲಂಡನ್ನಿನ ನಾಲ್ವತ್ತೆರಡು ಕಿಲೋಮೀಟರಿನ ಮ್ಯಾರಥಾನ್ ಓಟವನ್ನು ಓಡಿ ಲೋಕವನ್ನು ಬೆರಗುಗೊಳಿಸಿದ ಫೌಜಾ ಸಿಂಗರು ಯಾವ ಶತ್ರುವಿನ ಕೈಯಿಂದಲೂ ಮಡಿಯಲಿಲ್ಲ. 2025ನೆಯ ಜುಲೈ 14ರಂದು, 114ರ ಮುಪ್ಪಿನಲ್ಲಿ, ಪಂಜಾಬದ ತಮ್ಮ ಹುಟ್ಟೂರ ಬಳಿಯ ಹೆದ್ದಾರಿಯಲ್ಲಿ ವಾಹನವೊಂದು ಬಡಿದು ತೀರಿಕೊಂಡರು. ಅಂಥ ಓಟಗಾರನಿಗೇ ರಸ್ತೆಯು ದಯೆ ತೋರಲಿಲ್ಲವೆಂದ ಮೇಲೆ ಉಳಿದವರ ಮಾತೇನು?

ಆದುದರಿಂದ ಮೊದಲನೆಯ ನಿಯಮವು ರಸ್ತೆಗೆ ಸಂಬಂಧಿಸಿದ್ದು. ನಮ್ಮಲ್ಲಿ ವಾಹನಗಳು ಎಡಕ್ಕೆ ಹೋಗುವವು. ಕಾಲುದಾರಿಯಿಲ್ಲದಲ್ಲಿ ಓಡುವವರು ಬಲಬದಿಯ ಅಂಚನ್ನು ಹಿಡಿಯತಕ್ಕದ್ದು. ಆಗ ಹತ್ತಿರದ ವಾಹನವು ಬೆನ್ನ ಹಿಂದಿನಿಂದ ಬಾರದೆ ಕಣ್ಣೆದುರಿಗೆ ಬರುವದು. ಹತ್ತಿಯ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ರಸ್ತೆಯ ಅಂಚನ್ನೂ ಮೀರಿ ಹೇರನ್ನು ಹೊತ್ತು ಬರುವದುಂಟು. ಅಂಥವು ಕಂಡಾಗ ಮಣ್ಣಿಗೆ ಇಳಿದು ನಿಲ್ಲುವದೇ ಜಾಣತನ. ಬಿಳಿಯ ಅಂಗಿಯನ್ನು ತೊಡಬೇಕು, ಕೈಯಲ್ಲಿ ಬ್ಯಾಟರಿ ಇರಬೇಕು. ಕಿವಿಗೆ ಹಾಡಿನ ತಂತಿಯನ್ನು ಸಿಕ್ಕಿಸಿಕೊಳ್ಳುವದು ಕಾವಲುಗಾರನನ್ನು ಮಲಗಿಸಿ ಬಾಗಿಲು ತೆರೆದಿಟ್ಟಂತೆ. ಹೆದ್ದಾರಿಗಿಂತ ಊರ ಒಳದಾರಿಯೂ ಶಾಲೆಯ ಬಯಲೂ ಎಷ್ಟೋ ಮೇಲು.

ಎರಡನೆಯದು ನಾಯಿಗಳ ಭಯ. ಓಡುವವನನ್ನು ಕಂಡರೆ ಬೆನ್ನಟ್ಟುವದು ನಾಯಿಯ ಜಾತಿಧರ್ಮ. ಆಗ ಇನ್ನಷ್ಟು ಜೋರಾಗಿ ಓಡಬಾರದು. ನಿಂತುಬಿಡಬೇಕು, ಅದರ ಕಣ್ಣನ್ನು ದಿಟ್ಟಿಸದೆ, ಬೆನ್ನು ತಿರುಗಿಸದೆ, ಮೆಲ್ಲಗೆ ಹಿಂದೆ ಸರಿಯಬೇಕು. ಕುರಿ ಕಾಯುವವರಂತೆ ಒಂದು ಕೋಲನ್ನು ಹಿಡಿದಿದ್ದರೆ ಅದನ್ನು ನಡುವೆ ಚಾಚಬಹುದು. ಇಷ್ಟಾಗಿಯೂ ಕಚ್ಚಿದರೆ ಅರಿಸಿನ, ಸುಣ್ಣ, ಖಾರದಪುಡಿಗಳನ್ನು ಮೆತ್ತಕೂಡದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಿ, ವೈದ್ಯರು ಹೇಳಿದ ದಿನಗಳಂದು ತಪ್ಪದೆ ಪೂರ್ತಿಗೊಳಿಸಬೇಕು. ಹುಚ್ಚುನಾಯಿಯ ರೋಗದ ಚಿಹ್ನೆಗಳು ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಹೊಲದ ಬದುವಿನಲ್ಲಿ ಹಾವು ಕಡಿದರೂ ಗಾಯವನ್ನು ಕೊಯ್ಯದೆ, ಬಿಗಿದು ಕಟ್ಟದೆ, ಕಡಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯುವದೊಂದೇ ದಾರಿ. ಮಂತ್ರ ಹಾಕಿಸುವದರಲ್ಲಿ ಕಳೆದ ಗಳಿಗೆ ಮರಳಿ ಬಾರದು.

ಮೂರನೆಯದೇ ದುರ್ಜನರ ಭಯ. ಇಲ್ಲಿ ಬಲಕ್ಕಿಂತ ಎಚ್ಚರವು ಹಿರಿದು. ಬಂಗಾರದ ಒಡವೆಗಳನ್ನು ಮನೆಯಲ್ಲಿ ಇಟ್ಟು ಹೊರಡಬೇಕು. ನಿತ್ಯವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗದೆ ದಾರಿಯನ್ನು ಬದಲಿಸುತ್ತಿರಬೇಕು. ಬೈಕು ನಿಲ್ಲಿಸಿ ವಿಳಾಸ ಕೇಳುವವನಿಗೆ ನಾಲ್ಕು ಮಾರು ದೂರದಿಂದಲೇ ಉತ್ತರ ಕೊಡಬೇಕು. ಬೆನ್ನು ಹತ್ತಿದಂತೆ ತೋರಿದರೆ ನಾಚಿಕೆಪಡದೆ ಸಮೀಪದ ಮನೆಗೋ ಚಹದಂಗಡಿಗೋ ಹೊಕ್ಕುಬಿಡಬೇಕು. ಮೈಮೇಲೆ ಬಿದ್ದರೆ ಮೊದಲ ಆಯುಧವು ಕೂಗು. ಗಂಟಲು ಬಿರಿಯುವಂತೆ ಕೂಗಬೇಕು. ಮಣಿಕಟ್ಟನ್ನು ಹಿಡಿದವನ ಮುಷ್ಟಿಯಲ್ಲಿ ಹೆಬ್ಬೆರಳಿನ ಕಡೆಯೇ ದುರ್ಬಲ. ಆ ಸಂದಿಯ ಕಡೆಗೆ ಕೈಯನ್ನು ಹೊರಳಿಸಿ ಥಟ್ಟನೆ ಎಳೆದರೆ ಹಿಡಿತವು ಸಡಿಲುವದು. ಹಿಂದಿನಿಂದ ಅವುಚಿದವನ ಪಾದವನ್ನು ಹಿಮ್ಮಡಿಯಿಂದ ತುಳಿಯಬೇಕು. ಎದುರಿಗಿದ್ದವನ ಮೊಣಕಾಲಿಗೆ ಒದೆಯಬೇಕು. ಹೊಡೆಯುವದು ಗೆಲ್ಲುವದಕ್ಕಲ್ಲ, ಬಿಡಿಸಿಕೊಂಡು ಓಡುವದಕ್ಕೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರುಷ ಆಯುಷ್ಯವೆಂಬ ಗಾದೆಯು ಹೇಡಿಗಳ ಮಾತಲ್ಲ, ಬುದ್ಧಿವಂತರ ಮಾತು. ಸುಲಿಗೆಗಾರನು ಮೊಬೈಲನ್ನು ಕೇಳಿದರೆ ಕೊಟ್ಟುಬಿಡಿರಿ. ಹೋದ ವಸ್ತುವನ್ನು ಮತ್ತೆ ಕೊಳ್ಳಬಹುದು. ಆಮೇಲೆ 112ಕ್ಕೆ ಕರೆ ಮಾಡಿರಿ. ಸ್ತ್ರೀಯರಿಗಾಗಿ 181 ಎಂಬ ಸಂಖ್ಯೆಯೂ ಉಂಟು.

ತಿರುಗಿ ಹೊಡೆದರೆ ತಮ್ಮ ಮೇಲೆಯೇ ಖಟ್ಲೆಯಾದೀತೆಂದು ಹೆದರುವವರು ಬಹಳ. ಈ ಹೆದರಿಕೆಗೆ ಕಾರಣವಿಲ್ಲ. ತನ್ನ ದೇಹವನ್ನೂ ಇತರರ ದೇಹವನ್ನೂ ಕಾಪಾಡಿಕೊಳ್ಳುವ ಹಕ್ಕನ್ನು 1860ರ ದಂಡಸಂಹಿತೆಯು 96ರಿಂದ 106ರವರೆಗಿನ ಕಲಮುಗಳಲ್ಲಿ ಮಾನ್ಯಮಾಡಿತ್ತು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಹಕ್ಕು 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಆದರೆ ಮೇರೆಯೊಂದುಂಟು: ರಕ್ಷಣೆಗೆ ಎಷ್ಟು ಅವಶ್ಯವೋ ಅಷ್ಟೇ ಪೆಟ್ಟು. ಓಡಿಹೋಗುತ್ತಿರುವವನನ್ನು ಬೆನ್ನಟ್ಟಿ ಬಡಿಯುವದು ರಕ್ಷಣೆಯೆನಿಸದು, ಸೇಡೆನಿಸುವದು.

ಕೊನೆಗೆ ತಾಯಿತಂದೆಗಳಿಗೆ ಒಂದು ಮಾತು. ಇಷ್ಟೆಲ್ಲ ಭಯಗಳನ್ನು ಓದಿ, ಮಗನನ್ನು ಓಡಲು ಬಿಟ್ಟು ಮಗಳಿಗೆ ಮಾತ್ರ ಅಗುಳಿ ಹಾಕುವ ಮನಸ್ಸು ಅನೇಕರಿಗೆ ಆಗಬಹುದು. ಹಾಗೆ ಮಾಡಿದರೆ ತಪ್ಪು ಮಾಡಿದವನಿಗೆ ರಸ್ತೆಯನ್ನು ಬಿಟ್ಟುಕೊಟ್ಟು, ತಪ್ಪಿಲ್ಲದವಳಿಗೆ ಸೆರೆಮನೆಯನ್ನು ಕೊಟ್ಟಂತಾಗುವದು. ಎರಡು ನಿಮಿಷದ ಆ ಓಟದಲ್ಲಿ ಅವಳ ಬಾಳಿನ ಅನ್ನವು ಅಡಗಿರಬಹುದು. ಚಿತ್ರದುರ್ಗದ ಓಬವ್ವನನ್ನು ನಾವು ಒನಕೆಗಾಗಿ ನೆನೆಯುವೆವು. 2021ರಿಂದ ನವೆಂಬರ 11ರಂದು ಆಕೆಯ ಜಯಂತಿಯನ್ನು ಸರಕಾರವೂ ಆಚರಿಸುತ್ತಿದೆ. ಆದರೆ ಆಕೆಯ ಕಥೆಯಲ್ಲಿ ಒನಕೆಗಿಂತ ಮೊದಲು ಬರುವದು ಕಿಂಡಿಯ ಸದ್ದನ್ನು ಹಿಡಿದ ಆಕೆಯ ಕಿವಿ. ಆ ಎಚ್ಚರವನ್ನೇ ಮಗಳಿಗೆ ಕಲಿಸಿರಿ.

ಮಕ್ಕಳು ಹೋಗುವ ದಾರಿಯೂ ಮರಳುವ ಹೊತ್ತೂ ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಓಣಿಯ ನಾಲ್ಕು ಮಕ್ಕಳು ಕೂಡಿ ಓಡುವಂತೆ ನೆರೆಯವರೊಡನೆ ಮಾತಾಡಿಕೊಳ್ಳಿರಿ. ಕೈ ಬಿಡಿಸಿಕೊಳ್ಳುವ ಪಟ್ಟನ್ನು ಸಂಜೆ ಅಂಗಳದಲ್ಲಿ ಅಣ್ಣತಂಗಿಯರು ಹತ್ತು ಸಲ ಮಾಡಿ ನೋಡಲಿ. ಅಭ್ಯಾಸವಿಲ್ಲದ ವಿದ್ಯೆಯು ಆಪತ್ತಿನಲ್ಲಿ ನೆನಪಾಗದು. ತಂದೆಗೆ ಬಿಡುವಿದ್ದರೆ ಸೈಕಲನ್ನೇರಿ ಜೊತೆಗೆ ಹೋಗಲಿ. ಮಕ್ಕಳ ಓಟವು ನಿಲ್ಲದಂತೆಯೂ ಅವರು ಕ್ಷೇಮವಾಗಿ ಮನೆಗೆ ಮರಳುವಂತೆಯೂ ನೋಡಿಕೊಳ್ಳುವದು ಹಿರಿಯರಾದ ನಮ್ಮೆಲ್ಲರ ಕರ್ತವ್ಯವು.