ಲೆಡ್ಜರು ಬಲ್ಲವರಿಗೆ ನಂಪೈ ಹೊಸದೇನಲ್ಲ



ನಮ್ಮ ತಾಳವಾಡಿ ಸೀಮೆಯ ಮಕ್ಕಳು ದಿಂಬಂ ಘಟ್ಟ ಇಳಿದು ಸತ್ಯಮಂಗಲ, ಈರೋಡು ಕಡೆಗೋ, ಗಡಿ ದಾಟಿ ಚಾಮರಾಜನಗರ, ಮೈಸೂರು ಕಡೆಗೋ ಓದಲು ಹೋಗುತ್ತಾರೆ. ಕನ್ನಡದಲ್ಲೋ ತಮಿಳಿನಲ್ಲೋ ಲೆಕ್ಕ ಕಲಿತ ಮಗುವಿಗೆ ಅಲ್ಲಿ ಮೊದಲ ವರ್ಷದಲ್ಲೇ ಪೈಥಾನ್ ಎದುರಾಗುತ್ತದೆ, ಅದರ ಬೆನ್ನಿಗೇ ನಂಪೈ. ಎಲ್ಲವೂ ಇಂಗ್ಲಿಷಿನಲ್ಲಿದೆ, ನನ್ನ ತಲೆಗೆ ಹತ್ತುವುದಿಲ್ಲ ಎಂದು ಕೈಚೆಲ್ಲುವ ಮಕ್ಕಳಿದ್ದಾರೆ. ನಾನು ಮೆಟ್ರಿಕ್ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನನಗೆ ಇದು ತಲೆಗೆ ಹತ್ತಿದ್ದು ಲೆಡ್ಜರಿನ ದಾರಿಯಿಂದ. ಆ ದಾರಿಯನ್ನೇ ನಿಮಗೂ ತೋರಿಸುತ್ತೇನೆ.

ಪೈಥಾನ್ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಹಾಲೆಂಡಿನ ಗೀಡೊ ವಾನ್ ರೋಸಮ್ ಇದನ್ನು 1991ರಲ್ಲಿ ಹೊರತಂದರು. ಅಂಕಿಗಳ ದೊಡ್ಡ ರಾಶಿಯನ್ನು ನಿಭಾಯಿಸಲು ಜಿಮ್ ಹುಗುನಿನ್ ಎಂಬುವರು 1995ರಲ್ಲಿ ನ್ಯೂಮರಿಕ್ ಎಂಬ ಸಲಕರಣೆ ಮಾಡಿದರು. ಟ್ರಾವಿಸ್ ಓಲಿಫಂಟ್ ಅದನ್ನು ಪರಿಷ್ಕರಿಸಿ, ನಂಪೈ ಎಂಬ ಹೆಸರಿನಲ್ಲಿ 2006ರಲ್ಲಿ ಮೊದಲ ಪೂರ್ಣ ಆವೃತ್ತಿ ಕೊಟ್ಟರು. ಕಾಸು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಪತ್ರಿಕೆಗಳಲ್ಲಿ ಬಂತಲ್ಲ, ಅದರ ಹಿಂದಿನ ಲೆಕ್ಕದಲ್ಲೂ ನಂಪೈ ಇತ್ತು.

ಇದರ ತಿರುಳು ಅರೇ ಎಂಬ ಸಾಲು. ಪೈಥಾನ್‌ನಲ್ಲಿ ಮೊದಲೇ ಲಿಸ್ಟ್ ಎಂಬುದೊಂದಿದೆ. ಮತ್ತೆ ಅರೇ ಯಾಕೆ? ಮೂವರು ಸೊಸೈಟಿಗೆ 4, 6, 5 ಲೀಟರ್ ಹಾಲು ಹಾಕಿದರು, ಲೀಟರಿಗೆ 35 ರೂಪಾಯಿ ಎನ್ನಿ. ಲಿಸ್ಟನ್ನು 35ರಿಂದ ಗುಣಿಸಿದರೆ ಅದೇ ಸಾಲು 35 ಸಲ ಉದ್ದಕ್ಕೆ ಬರುತ್ತದೆ. ಮೂವರ ಹಾಲು 105 ಜನರ ಹಾಲಾಗುತ್ತದೆ! ಅರೇಯನ್ನು ಗುಣಿಸಿದರೆ 140, 210, 175 ಎಂದು ಮೂವರಿಗೂ ಸಲ್ಲಬೇಕಾದ ಹಣ ಬರುತ್ತದೆ. ಲಿಸ್ಟು ಸಂತೆಯ ಚೀಲ, ಅದರಲ್ಲಿ ಏನು ಬೇಕಾದರೂ ತುಂಬಬಹುದು. ಅರೇಯಲ್ಲಿ ಒಂದೇ ಜಾತಿಯ ಅಂಕಿಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಆದ್ದರಿಂದ ಪ್ರತಿಯೊಂದನ್ನೂ ನೀನ್ಯಾರು ಎಂದು ಕೇಳುತ್ತ ನಿಲ್ಲದೆ, ಯಂತ್ರ ಒಂದೇ ಓಟದಲ್ಲಿ ಮುಗಿಸುತ್ತದೆ. ಲಕ್ಷಗಟ್ಟಲೆ ಅಂಕಿಗಳಿದ್ದಾಗ ಈ ವೇಗ ಕಣ್ಣಿಗೇ ಕಾಣುತ್ತದೆ.

ಈಗ ಬ್ಯಾಂಕಿಗೆ ಬನ್ನಿ. 2010ರ ಮಾರ್ಚ್ ಕೊನೆಯವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದೊಳಗೆ ಇದ್ದ ಅತಿ ಕಡಿಮೆ ಶಿಲ್ಕಿನ ಮೇಲೆ ಕೊಡುತ್ತಿದ್ದೆವು. ಒಬ್ಬ ರೈತರ ಖಾತೆಯಲ್ಲಿ 24ನೇ ತಾರೀಖಿನವರೆಗೆ 20,000 ಇತ್ತು. 25ರಂದು ಬಿತ್ತನೆ ಬೆಳ್ಳುಳ್ಳಿಗೆಂದು 18,000 ತೆಗೆದರು ಎನ್ನಿ. ಬಡ್ಡಿ ಸಿಕ್ಕುತ್ತಿದ್ದುದು ಉಳಿದ 2,000ಕ್ಕೆ ಮಾತ್ರ. ದರ ವರ್ಷಕ್ಕೆ ನೂರಕ್ಕೆ 3 ಎಂದು ಹಿಡಿದರೆ 5 ರೂಪಾಯಿ. 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ದಿನದಿನದ ಶಿಲ್ಕಿಗೆ ಬಡ್ಡಿ ಬಂತು. 24 ದಿನ 20,000, 6 ದಿನ 2,000, ಒಟ್ಟು 4,92,000. ಅದನ್ನು 3ರಿಂದ ಗುಣಿಸಿ 36,500ರಿಂದ ಭಾಗಿಸಿದರೆ 40 ರೂಪಾಯಿ 44 ಪೈಸೆ. ಅದೇ ಹಣ, ಅದೇ ದರ, ಆದರೆ ವ್ಯತ್ಯಾಸ ನೋಡಿ! ಇಷ್ಟು ವರ್ಷ ಬಡವನಿಗೆ ಇದನ್ನು ಯಾಕೆ ಕೊಡಲಿಲ್ಲ ಎಂದರೆ, ಒಂದೊಂದು ಖಾತೆಗೂ ದಿನದಿನದ ಲೆಕ್ಕವನ್ನು ಕೈಯಲ್ಲಿ ಹಾಕುವುದು ಆಗದ ಕೆಲಸವಾಗಿತ್ತು. ಕಂಪ್ಯೂಟರ್ ಬಂದು ಅದನ್ನು ಸಾಧ್ಯ ಮಾಡಿತು.

ಇದನ್ನೇ ನಂಪೈಗೆ ಹೇಳಿ. 500 ಖಾತೆ, 30 ದಿನ: 500 ಅಡ್ಡಸಾಲು, 30 ಕಂಬಸಾಲು. ಸಮ್ ಎಂದರೆ ಕೂಡು. ಆ್ಯಕ್ಸಿಸ್ 1 ಎಂದರೆ ಅಡ್ಡ ಮೊತ್ತ, ಖಾತೆಗೊಂದರಂತೆ 500 ಉತ್ತರ. ಆ್ಯಕ್ಸಿಸ್ 0 ಎಂದರೆ ಕಂಬದ ಮೊತ್ತ, ದಿನಕ್ಕೊಂದರಂತೆ 30 ಉತ್ತರ. ಮಕ್ಕಳು ಎಡವುವುದು ಇಲ್ಲಿಯೇ. ಉತ್ತರ ಎಷ್ಟು ಬಂತೆಂದು ಎಣಿಸಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತದೆ. ನಾವು ರಾತ್ರಿ ಹತ್ತರವರೆಗೆ ಕುಳಿತು ಅಡ್ಡ ಮೊತ್ತ, ಉದ್ದ ಮೊತ್ತ ತಾಳೆ ನೋಡುತ್ತಿದ್ದೆವಲ್ಲ, ಅದೇ ಇದು.

ಎಚ್ಚರ ಬೇಕಾದ ಕಡೆಗಳೂ ಇವೆ. ಐದು ದಿನದ ಮಳೆ 12, 0, ಬರೆದಿಲ್ಲ, 30, 8 ಮಿಲಿಮೀಟರ್ ಎನ್ನಿ. ಬರೆಯದ ದಿನಕ್ಕೆ ಸೊನ್ನೆ ತುಂಬಿದರೆ ಸರಾಸರಿ 10. ಅಳತೆಯಾದ ನಾಲ್ಕೇ ದಿನಕ್ಕೆ ಹಾಕಿದರೆ 12.5. ಮಳೆ ಬರದಿರುವುದೂ ಅಳೆಯದಿರುವುದೂ ಒಂದೇ ಅಲ್ಲ; ಇಂಥ ಸೊನ್ನೆಯ ಮೇಲೆ ಬೆಳೆನಷ್ಟದ ಲೆಕ್ಕ ನಿಂತರೆ ರೈತನ ಗತಿಯೇನು? ಆದ್ದರಿಂದ ಖಾಲಿ ಜಾಗಕ್ಕೆ ನಂಪೈಯಲ್ಲಿ ನ್ಯಾನ್ ಎಂಬ ಗುರುತಿದೆ. ನ್ಯಾನ್ ಇರುವ ಸಾಲಿಗೆ ಮಾಮೂಲು ಮೀನ್ ಕೇಳಿದರೆ ಉತ್ತರವೂ ನ್ಯಾನ್. ನ್ಯಾನ್‌ಮೀನ್ ಎಂದು ಕೇಳಿದರೆ ಅದನ್ನು ಬಿಟ್ಟು ಸರಾಸರಿ ಕೊಡುತ್ತದೆ.

ಹಣದ ಲೆಕ್ಕವನ್ನು ದಶಾಂಶದಲ್ಲಿ ಇಡಬೇಡಿ, ಪೈಸೆಯಲ್ಲಿ ಇಡಿ. ಕಂಪ್ಯೂಟರಿಗೆ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಆಗುವುದಿಲ್ಲ, ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಪೂರ್ಣಾಂಕಕ್ಕೂ ಮಿತಿಯಿದೆ. 32 ಬಿಟ್ ಮನೆಯಲ್ಲಿ 2,14,74,83,647ಕ್ಕಿಂತ ಹೆಚ್ಚು ಹಿಡಿಯದು. ಪೈಸೆಯಾದರೆ ಎರಡು ಕೋಟಿ ಹದಿನಾಲ್ಕು ಲಕ್ಷ ಚಿಲ್ಲರೆ ರೂಪಾಯಿ. ದಾಟಿದರೆ ಸದ್ದಿಲ್ಲದೆ ಠೇವಣಿ ಸಾಲವಾಗಿ, ಋಣ ಚಿಹ್ನೆಯೊಡನೆ ನಿಲ್ಲುತ್ತದೆ! ವಿಂಡೋಸ್ ಯಂತ್ರಗಳಲ್ಲಿ 2024ರ ನಂಪೈ 2.0 ಬರುವವರೆಗೂ ತಾನಾಗಿ ಸಿಗುತ್ತಿದ್ದುದು ಈ ಚಿಕ್ಕ ಮನೆಯೇ. ಹಳೆಯ ಆವೃತ್ತಿ ಇರುವವರು 64 ಬಿಟ್ ಎಂದು ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ತಮಾಷೆ. ನಂಪೈಯ ರೌಂಡ್‌ಗೆ 2.5 ಕೊಟ್ಟರೆ 2 ಎನ್ನುತ್ತದೆ, 3.5 ಕೊಟ್ಟರೆ 4. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಇದಕ್ಕೆ ಬ್ಯಾಂಕರುಗಳ ಪದ್ಧತಿ ಎಂದು ಹೆಸರಂತೆ. ನಮ್ಮ ಕೌಂಟರಿನಲ್ಲಿ 50 ಪೈಸೆ ಬಂದರೆ ಮೇಲಿನ ರೂಪಾಯಿಯನ್ನೇ ಕೊಡುತ್ತಿದ್ದೆವು. ಹೆಸರಿಟ್ಟವರು ಯಾವ ಬ್ಯಾಂಕು ನೋಡಿದ್ದರೋ ಕಾಣೆ.

ಎರಡು ನುಡಿಯ ನಮ್ಮಂಥವರಿಗೆ ಸಂತೋಷದ ಸಂಗತಿಯೊಂದಿದೆ. ಪೈಥಾನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು: ಹಾಲು, ದರ, ಶಿಲ್ಕು. ತಮಿಳಿನಲ್ಲೂ ಇಡಬಹುದು. ‘೧೨೩’ ಎಂದು ಉದ್ಧರಣ ಚಿಹ್ನೆಯೊಳಗೆ ಬರೆದು ಇಂಟ್‌ಗೆ ಕೊಟ್ಟರೆ ಅದು 123 ಎಂದು ಓದಿಕೊಳ್ಳುತ್ತದೆ. ತಮಿಳು ಅಂಕಿಗಳನ್ನೂ ಹಾಗೆಯೇ ಓದುತ್ತದೆ. ಚಿಹ್ನೆಯಿಲ್ಲದೆ ನೇರವಾಗಿ ಕನ್ನಡ ಅಂಕಿ ಬರೆದರೆ ಮಾತ್ರ ತಪ್ಪೆನ್ನುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇರುವವರು ಪೈಥಾನ್ ಹಾಕಿಕೊಂಡು, ಪಿಪ್ ಇನ್‌ಸ್ಟಾಲ್ ನಂಪೈ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಸೊಸೈಟಿಯ ಹಾಲಿನ ಚೀಟಿಗಳನ್ನು ತಂದು, ಒಂದು ತಿಂಗಳ ಲೆಕ್ಕವನ್ನು ಮಕ್ಕಳ ಕೈಯಲ್ಲಿ ಹಾಕಿಸಿ, ಚೀಟಿಯಲ್ಲಿರುವ ಮೊತ್ತದೊಡನೆ ತಾಳೆ ನೋಡಿ.