ಅರ್ಧ ಪೌಂಡು ಧಾನ್ಯದ ವ್ಯಾಜ್ಯ

ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಬೆಳಿಗ್ಗೆ ಎಷ್ಟು ಗಂಜಿ, ಮಧ್ಯಾಹ್ನ ಎಷ್ಟು ರೊಟ್ಟಿ, ದಿನಕ್ಕೆ ಎಷ್ಟು ಉಪ್ಪು, ಎಷ್ಟು ನೀರು ಎಂಬುದನ್ನು ಅವನ ತೂಕವನ್ನೂ ರಕ್ತಪರೀಕ್ಷೆಯ ಫಲಿತಾಂಶವನ್ನೂ ಮುಂದಿಟ್ಟುಕೊಂಡು ಗಣಿಸಿ, ವೈದ್ಯರ ಔಷಧಪಟ್ಟಿಯ ಮಗ್ಗುಲಲ್ಲಿಯೇ ಆಹಾರಪಟ್ಟಿಯೊಂದನ್ನು ಬರೆದಿಡುವ ಡಯಟಿಷಿಯನ್ನರ ಉದ್ಯೋಗವು ಮಹಾನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಈಚೆಗೆ ಹುಟ್ಟಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳಂಥ ಊರುಗಳ ಕಡೆಗೆ ಇನ್ನೂ ನಡೆದು ಬರುತ್ತಿರುವ ಹೊಸ ವಿದ್ಯೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಒಂದು ದೇಹವು ಉಳಿಯಬೇಕಾದರೆ ಎಷ್ಟು ಅನ್ನ ಬೇಕು, ಅದನ್ನು ನಿರ್ಣಯಿಸುವ ಅಧಿಕಾರವು ಬೊಕ್ಕಸವನ್ನು ಕಾಯುವವನದೋ ದೇಹವನ್ನು ಬಲ್ಲವನದೋ ಎಂಬ ಪ್ರಶ್ನೆಯು, ಅಂದರೆ ಈ ಉದ್ಯೋಗದ ಬೇರಿನಲ್ಲಿರುವ ಪ್ರಶ್ನೆಯು, 1877ರಲ್ಲಿ ನಮ್ಮ ಸೀಮೆಯ ಜನರ ಹೊಟ್ಟೆಯನ್ನೇ ಪಣಕ್ಕೊಡ್ಡಿ ಚರ್ಚಿತವಾಯಿತೆಂಬುದನ್ನು ಇಂದು ನೆನೆಯುವವರು ವಿರಳ. ಹಳೆಯ ಕ್ಷಾಮಸಾಹಿತ್ಯವನ್ನು ಬೇರೊಂದು ಕಾರಣಕ್ಕಾಗಿ ತಿರುವುತ್ತಿದ್ದಾಗ ಆ ವ್ಯಾಜ್ಯವು ನನ್ನ ಕಣ್ಣಿಗೆ ಬಿದ್ದಿತು. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ.

1876ರಲ್ಲಿ, ಪಂಚಾಂಗದ ಲೆಕ್ಕದಲ್ಲಿ ಧಾತು ಸಂವತ್ಸರದಲ್ಲಿ, ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟುವು. ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿಗಳು ಅಂದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕೆಂದು ಕರೆಯಿಸಿಕೊಳ್ಳುವ ಹಳ್ಳಿಗಳೂ ಆ ಜಿಲ್ಲೆಯ ನೆಲವೇ. ತುಂಗಭದ್ರೆಯ ಅಣೆಕಟ್ಟಾಗಲಿ ಮಾಲವಿಯ ಜಲಾಶಯವಾಗಲಿ ಇಲ್ಲದ ಆ ಕಾಲದಲ್ಲಿ ಜೋಳ, ಸಜ್ಜೆ, ನವಣೆಗಳೇ ಜನರ ಜೀವಾಧಾರವಾಗಿದ್ದು, ಅವು ತೆನೆಗಟ್ಟದೆ ಹೋದ ವರ್ಷ ಹಗೇವುಗಳಲ್ಲಿ ಉಳಿದಿದ್ದ ಕಾಳು ತೀರುತ್ತಲೇ ಸಾವಿರಾರು ಸಂಸಾರಗಳು ಸರ್ಕಾರದ ಪರಿಹಾರ ಕಾಮಗಾರಿಗಳ ಕಡೆಗೆ ನಡೆದುವು. ಅಲ್ಲಿ ಮಣ್ಣು ಅಗೆಯಬೇಕು, ಕಲ್ಲು ಒಡೆಯಬೇಕು, ಸಂಜೆಗೆ ಕೂಲಿ. ಆ ಕೂಲಿಯಲ್ಲಿ ಕೊಳ್ಳಬಹುದಾದ ಧಾನ್ಯ ಎಷ್ಟಿರಬೇಕೆಂಬುದೇ ವಿವಾದದ ವಿಷಯ.

ವೈಸರಾಯ್ ಲಿಟ್ಟನ್ ಪ್ರಭುವಿನ ಪ್ರತಿನಿಧಿಯಾಗಿ 1877ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಮದರಾಸು ಸರ್ಕಾರವು ಅತಿಯಾಗಿ ವ್ಯಯಮಾಡುತ್ತಿದೆಯೆಂಬ ನಿಶ್ಚಯದೊಡನೆಯೇ ಬಂದವನು. ಮೂರು ವರ್ಷಗಳ ಹಿಂದೆ, 1874ರ ಬಿಹಾರದ ಬರದಲ್ಲಿ, ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದವನೂ ಇವನೇ. ಜೀವ ಉಳಿಸಿದ್ದಕ್ಕಾಗಿ ದೊರೆಯಬೇಕಾಗಿದ್ದ ಮನ್ನಣೆಗೆ ಬದಲು ದುಂದುಗಾರನೆಂಬ ನಿಂದೆ ಅವನ ಪಾಲಿಗೆ ಬಂದಿತು. ಆ ನಿಂದೆಯನ್ನು ತೊಳೆದುಕೊಳ್ಳುವ ಅವಕಾಶವನ್ನು ಅವನು ನಮ್ಮ ಸೀಮೆಯಲ್ಲಿ ಕಂಡನೆಂದು ತೋರುತ್ತದೆ. ಅವನು ಗೊತ್ತುಮಾಡಿದ ಕೂಲಿ ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆ, ಅದರ ಮೇಲೆ ಉಪ್ಪುಕಾರಕ್ಕೆಂದು ಅಲ್ಪ ಕಾಸು. ಹೆಂಗಸರಿಗೆ ಅದಕ್ಕಿಂತ ಕಡಿಮೆ. ಇದು ಪ್ರಾಣಧಾರಣೆಗೆ ಸಾಕು, ಪ್ರಯೋಗಮಾಡಿ ನೋಡಬಹುದು ಎಂಬುದು ಅವನ ವಾದ.

ಈ ಪ್ರಯೋಗಕ್ಕೆ ಎದುರು ನಿಂತವನು ಮದರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ವಿಲಿಯಂ ರಾಬರ್ಟ್ ಕಾರ್ನಿಷ್. ಈತನನ್ನು ಕುರಿತು ನಮ್ಮಲ್ಲಿ ಯಾರೂ ಬರೆದದ್ದನ್ನು ನಾನು ಓದಿಲ್ಲ. ಬಳ್ಳಾರಿ ಸೀಮೆಯ ಬೀದಿಗಳಿಗೆ ಅನೇಕರ ಹೆಸರುಗಳನ್ನಿಟ್ಟ ನಾವು ಈತನನ್ನು ಮರೆತದ್ದು ನನಗೆ ನೋವಿನ ಸಂಗತಿ. ಈ ವ್ಯಾಜ್ಯಕ್ಕೆ ಹದಿನಾಲ್ಕು ವರ್ಷ ಮೊದಲು, 1863ರಲ್ಲಿಯೇ, ಮದರಾಸು ಆಧಿಪತ್ಯದ ನಿವಾಸಿಗಳು ಉಣ್ಣುವ ಆಹಾರದ ಸ್ವರೂಪವನ್ನೂ ಜಿಲ್ಲಾ ಕಾರಾಗೃಹಗಳ ಕೈದಿಗಳಿಗೆ ಕೊಡುವ ಊಟದ ಪ್ರಮಾಣವನ್ನೂ ಕುರಿತ ವರದಿಗಳನ್ನು ಈತನು ಕ್ರೋಡೀಕರಿಸಿ ಪ್ರಕಟಿಸಿದ್ದನು. 1871ರ ಮದರಾಸು ಜನಗಣತಿಯ ವರದಿಯನ್ನು ಬರೆದವನೂ ಈತನೇ. ಹೀಗೆ ಜನರು ಎಷ್ಟು ಮಂದಿ, ಅವರು ಏನನ್ನು ಎಷ್ಟು ಉಣ್ಣುತ್ತಾರೆ ಎಂಬೆರಡನ್ನೂ ಬಲ್ಲ ವೈದ್ಯನು ಟೆಂಪಲ್ಲನ ಟಿಪ್ಪಣಿಗಳಿಗೆ ಉತ್ತರ ಬರೆಯಲು ಕುಳಿತಾಗ, ಅವನ ಮುಂದಿದ್ದುದು ಬರಿಯ ಅನುಕಂಪವಲ್ಲ, ಅಂಕಿಗಳು.

ಕಾರ್ನಿಷನ ವಾದವನ್ನು ಇಂದಿನ ಯಾವ ಡಯಟಿಷಿಯನ್ನಾದರೂ ತಮ್ಮದೆಂದು ಒಪ್ಪಿಕೊಳ್ಳಬಹುದು. ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು. ಧಾನ್ಯ ಒಂದೇ ಸಾಲದು, ಬೇಳೆ ಬೇಕು, ಕಾಯಿಪಲ್ಯ ಬೇಕು. ಅರೆಹೊಟ್ಟೆಯಲ್ಲಿ ಮಣ್ಣು ಹೊರುವವನು ತನ್ನ ಮಾಂಸಖಂಡವನ್ನೇ ಸುಟ್ಟು ದುಡಿಯುತ್ತಾನೆ. ಈ ಕ್ಷಯವು ಮೊದಲ ಕೆಲವು ವಾರಗಳಲ್ಲಿ ಮೇಲ್ವಿಚಾರಕನ ಕಣ್ಣಿಗೆ ಕಾಣಿಸದೆ, ಕಾಣಿಸುವ ಹೊತ್ತಿಗೆ ಚಿಕಿತ್ಸೆಗೆ ಎಟುಕದೆ ಹೋಗುತ್ತದೆ. ಕೊನೆಯ ಮಾತಿನಲ್ಲಿಯೇ ಅವನ ವೈದ್ಯದೃಷ್ಟಿಯ ತೀಕ್ಷ್ಣತೆ ಇರುವುದು. ಪರಿಹಾರ ಕೇಂದ್ರದಲ್ಲಿ ನಿಂತವರನ್ನು ಒಮ್ಮೆ ನೋಡಿ ಇವರು ಚೆನ್ನಾಗಿಯೇ ಇದ್ದಾರೆಂದು ಬರೆದುಕೊಂಡು ಹೋಗುವವನಿಗೂ, ಅದೇ ದೇಹವನ್ನು ಎರಡು ತಿಂಗಳು ಅನುಸರಿಸುವವನಿಗೂ ಇರುವ ಅಂತರವು ಅದು.

ಇಂದಿನ ಕೋಷ್ಟಕಗಳಿಂದ ಈ ವ್ಯಾಜ್ಯವನ್ನು ಅಳೆದು ನೋಡಬಹುದು. ನೂರು ಗ್ರಾಂ ಜೋಳದಲ್ಲಿ ಸುಮಾರು 335 ಕಿಲೋಕ್ಯಾಲೊರಿ ಶಕ್ತಿ, ಸುಮಾರು 10 ಗ್ರಾಂ ಪ್ರೋಟೀನು. ಟೆಂಪಲ್ಲನ ಒಂದು ಪೌಂಡಿನಿಂದ ದೊರೆಯುತ್ತಿದ್ದುದು ಸುಮಾರು 1500 ಕಿಲೋಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪ್ರಮಾಣದಂತೆ 65 ಕಿಲೋ ತೂಕದ ಗಂಡಸು ಕುಳಿತು ಕೆಲಸಮಾಡಿದರೆ 2110, ಕಷ್ಟದ ದುಡಿಮೆ ಮಾಡಿದರೆ 3470. ಅಂದಿನ ಕೂಲಿಗಾರನ ತೂಕ ಅಷ್ಟಿರಲಿಲ್ಲವೆಂದು ಎಷ್ಟೇ ಕಳೆದರೂ, ಕಲ್ಲು ಒಡೆಯುವವನಿಗೆ ಕೊಟ್ಟದ್ದು ಕುಳಿತು ಕೆಲಸಮಾಡುವವನಿಗೂ ಅಪರ್ಯಾಪ್ತವಾದ ಅನ್ನವೆಂಬುದು ಸ್ಪಷ್ಟ. ಕಾರ್ನಿಷನು ಕ್ಯಾಲೊರಿಯ ಕೋಷ್ಟಕವಿಲ್ಲದೆ, ಸಾರಜನಕದ ಗಣನೆಯಿಂದಲೂ ಕಾರಾಗೃಹಗಳ ಅನುಭವದಿಂದಲೂ ಇದನ್ನು ಕಂಡುಕೊಂಡಿದ್ದನು.

ಒಂದು ಪೌಂಡಿನ ಕೂಲಿಯು ಧಾರವಾಡ, ಬೆಳಗಾವಿ, ಕಲಾದಗಿಗಳಿದ್ದ ಮುಂಬಯಿ ಆಧಿಪತ್ಯದಲ್ಲಿಯೂ ಜಾರಿಗೆ ಬಂದಾಗ ಅಲ್ಲಿಯ ಪರಿಹಾರ ಕಾಮಗಾರಿಗಳ ಜನ ಕೆಲಸವನ್ನೇ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಬರೆಯಿತು. ಮದರಾಸು ಸರ್ಕಾರವು ಕೆಲವೇ ತಿಂಗಳಲ್ಲಿ ಅರ್ಧ ದಾರಿ ಇಳಿದು ಬಂದು, ಒಂದೂಕಾಲು ಪೌಂಡು ಧಾನ್ಯವನ್ನೂ ಒಂದೂವರೆ ಔನ್ಸು ಬೇಳೆಯನ್ನೂ ಗೊತ್ತುಮಾಡಿತು. ಅರ್ಧ ಜಯ. ಆದರೆ ಬೇಳೆಯು ಸರ್ಕಾರದ ಆಜ್ಞೆಯಲ್ಲಿ ಸ್ಥಾನ ಪಡೆದದ್ದು ಸಣ್ಣ ಸಂಗತಿಯಲ್ಲ. 1880ರ ಕ್ಷಾಮ ಆಯೋಗವು ದುಡಿಮೆಗೆ ತಕ್ಕ ಧಾನ್ಯ, ಅದರೊಡನೆ ಬೇಳೆ ಎಂಬ ತತ್ತ್ವವನ್ನು ಅಂಗೀಕರಿಸಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿದ್ದಿತು: ಕಾರ್ನಿಷನೇ ವರದಿ ಬರೆದಿದ್ದ 1871ರ ಗಣತಿಗೂ 1881ರ ಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲಿನಷ್ಟು ಕುಗ್ಗಿತು. ಹಸಿವಿನಿಂದ ಸತ್ತವರ ದೇಹಗಳನ್ನು ಮದರಾಸಿನಲ್ಲಿ ಛೇದಿಸಿ ಪರೀಕ್ಷಿಸಿದ ಅಲೆಕ್ಸಾಂಡರ್ ಪೋರ್ಟರನ ಗ್ರಂಥವು 1889ರಲ್ಲಿ ಅಚ್ಚಾಯಿತು. ಬಹುಕಾಲ ಉಪವಾಸ ಬಿದ್ದವರ ಕರುಳು ಸವೆದು ತೆಳುವಾಗಿ, ಕಡೆಗೆ ಸಿಕ್ಕ ಅನ್ನವನ್ನೂ ಅರಗಿಸಿಕೊಳ್ಳಲಾರದ ಸ್ಥಿತಿಗೆ ಬಂದಿರುತ್ತದೆಂಬ ಸತ್ಯವನ್ನು ಆ ಕಾಲದ ವೈದ್ಯರು ಹೀಗೆ ಕಣ್ಣಾರೆ ಕಂಡರು.

ಮುಂದಿನ ಕೆಲವು ದಶಕಗಳಲ್ಲಿ ಹೇಳಿಕೊಳ್ಳತಕ್ಕದ್ದು ಹೆಚ್ಚಿಲ್ಲ. ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಬೆರಿಬೆರಿಯ ಶೋಧಕ್ಕೆಂದು ಒಂದೇ ಕೋಣೆಯ ಪ್ರಯೋಗಶಾಲೆಯನ್ನು ತೆರೆದನು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಕೂನೂರಿನಲ್ಲಿದ್ದಾಗಲೇ ಆ ಪ್ರಯೋಗಶಾಲೆಯ ಆಯ್ಕ್‌ರಾಯ್ಡ್ 1937ರಲ್ಲಿ ಹೊರತಂದ 23ನೆಯ ಸಂಖ್ಯೆಯ ಆರೋಗ್ಯ ಪತ್ರಿಕೆಯು ಭಾರತೀಯ ಆಹಾರಗಳ ಪೋಷಕಾಂಶಗಳನ್ನು ಕೋಷ್ಟಕವಾಗಿ ಕೊಟ್ಟಿತು. ಜೋಳ, ಸಜ್ಜೆ, ನವಣೆಗಳು ಆ ಕೋಷ್ಟಕದಲ್ಲಿ ಅಕ್ಕಿ ಗೋದಿಗಳ ಸಮಾನಪಂಕ್ತಿಯಲ್ಲಿ ಕುಳಿತವು. ಭಾರತೀಯ ಆಹಾರತಜ್ಞರ ಸಂಘವು 1963ರಲ್ಲಿ ಸ್ಥಾಪಿತವಾಯಿತು.

ನಡುವೆ ನಮ್ಮ ಜೋಳಕ್ಕೆ ಸಂಬಂಧಿಸಿದ ಒಂದು ಶೋಧವು ಮಾತ್ರ ನಿಂತು ನೋಡತಕ್ಕದ್ದು. ಕೊರಳಿನ ಸುತ್ತ ಹಾರದಂತೆ ಕಪ್ಪಾದ ಚರ್ಮ, ಭೇದಿ, ಬುದ್ಧಿಭ್ರಮಣೆ, ಇವು ಪೆಲಾಗ್ರ ರೋಗದ ಲಕ್ಷಣಗಳು. ಮೆಕ್ಕೆಜೋಳವನ್ನೇ ಉಣ್ಣುವವರ ರೋಗವೆಂದು ಲೋಕಕ್ಕೆ ಪರಿಚಿತವಾದದ್ದು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದು ದಖ್ಖನ್ನಿನಲ್ಲಿ ಬಿಳಿಜೋಳವನ್ನೇ ನೆಚ್ಚಿದ ಬಡವರಲ್ಲಿಯೂ ಇರುವುದನ್ನು ತೋರಿಸಿ, ಜೋಳದ ಪ್ರೋಟೀನಿನಲ್ಲಿ ಅಧಿಕವಾಗಿರುವ ಲೂಸೀನ್ ಇದಕ್ಕೆ ಕಾರಣವಾಗಿರಬಹುದೆಂದು ಪ್ರತಿಪಾದಿಸಿದರು. ಆ ಕಾರಣವನ್ನು ಕುರಿತು ಅನಂತರ ಚರ್ಚೆ ನಡೆದದ್ದುಂಟು. ಆದರೂ ರೊಟ್ಟಿಯ ಮಗ್ಗುಲಲ್ಲಿ ಪುಂಡಿಪಲ್ಯವೂ ಬೇಳೆಯೂ ಶೇಂಗಾ ಚಟ್ನಿಯೂ ಗುರೆಳ್ಳು ಪುಡಿಯೂ ಮೊಸರೂ ಇರಬೇಕೆಂಬ ನಮ್ಮ ಅಜ್ಜಿಯರ ಹಟಕ್ಕೆ ಎಷ್ಟು ಆಳವಾದ ಅರ್ಥವಿತ್ತೆಂಬುದು, ಆ ಮಗ್ಗುಲಿನದೆಲ್ಲ ಇಲ್ಲವಾಗಿ ಬರಿಯ ರೊಟ್ಟಿಯೇ ಉಳಿದ ಬಡವರ ತಟ್ಟೆಯನ್ನು ನೋಡಿದಾಗ ತಿಳಿಯುತ್ತದೆ.

ಇಂದು ಆಸ್ಪತ್ರೆಯಲ್ಲಿ ಡಯಟಿಷಿಯನ್ನರ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಕಾರ್ನಿಷನ ಮಾತುಗಳೆಲ್ಲ ಅಲ್ಲಿ ಜೀವಂತವಾಗಿರುವುದು ಗೊತ್ತಾಗುತ್ತದೆ. ಮೂತ್ರಪಿಂಡ ಕೆಟ್ಟ ಹಿರಿಯರನ್ನು ನೋಡಲು ಬರುವ ಬಂಧುಗಳು ಪ್ರೀತಿಯಿಂದ ಎಳನೀರು ತರುತ್ತಾರೆ. ಅದರಲ್ಲಿರುವ ಪೊಟ್ಯಾಸಿಯಂ ಅವರ ಹೃದಯವನ್ನೇ ನಿಲ್ಲಿಸಬಲ್ಲದೆಂದು ತಿಳಿಸಿ, ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು ಕೊಡಬೇಕೆಂದು ಹೇಳಿಕೊಡಬೇಕು. ಸಕ್ಕರೆ ಕಾಯಿಲೆಯವರು ರೊಟ್ಟಿಯನ್ನು ಎಷ್ಟು ತಿಂದರೂ ಚಿಂತೆಯಿಲ್ಲವೆಂದು ನಂಬಿರುತ್ತಾರೆ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಮೂವತ್ತು ಗ್ರಾಂಗೂ ಮಿಕ್ಕಿ ಶರ್ಕರಪಿಷ್ಟವಿದೆಯೆಂಬುದನ್ನು ಅವರ ಮನಸ್ಸು ನೋಯದಂತೆ ತಿಳಿಸಬೇಕು. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಬರುವ ಮಗು, ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾದ ಮಗು, ಹಸಿದಿದೆಯೆಂದು ಒಮ್ಮೆಗೇ ಹೊಟ್ಟೆ ತುಂಬಿಸಿದರೆ ಬದುಕದೆ ಹೋಗಬಹುದು. ಆದ್ದರಿಂದ ನೂರು ಮಿಲಿಲೀಟರಿಗೆ 75 ಕಿಲೋಕ್ಯಾಲೊರಿಯ ಎಫ್-75 ಎಂಬ ಹಾಲಿನ ಮಿಶ್ರಣವನ್ನು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 130 ಮಿಲಿಲೀಟರಿನಂತೆ ಲೆಕ್ಕಹಾಕಿ, ಹಗಲಿರುಳು ಎರಡು ಗಂಟೆಗೊಮ್ಮೆ ಕುಡಿಸಿ, ಮಗು ಚೇತರಿಸಿ ಹಸಿವು ಮರಳಿದ ಮೇಲೆಯೇ ಎಫ್-100ಕ್ಕೆ ಏರಿಸುತ್ತಾರೆ. ಪೋರ್ಟರನು ಶವಗಳಲ್ಲಿ ಕಂಡ ಸವೆದ ಕರುಳಿಗೆ ಈ ಎರಡು ಗಂಟೆಗಳ ಅಂತರವು ಉತ್ತರ.

2021ರ ಕೇಂದ್ರ ಕಾಯಿದೆಯೊಂದು ಆಹಾರತಜ್ಞರನ್ನು ಆರೋಗ್ಯವೃತ್ತಿಯವರ ಪಟ್ಟಿಯಲ್ಲಿ ಸೇರಿಸಿತು; ನಮ್ಮ ವಿಜಯನಗರ ಜಿಲ್ಲೆ ರೂಪುಗೊಂಡದ್ದೂ ಅದೇ ವರ್ಷ. ಸಂತೋಷವೇ. ಆದರೆ ಊರಿಗೆ ಮರಳುವ ರೋಗಿಗಳ ಕೈಯಲ್ಲಿ ನಾನು ನೋಡಿದ ಅಚ್ಚಿನ ಆಹಾರಪಟ್ಟಿಗಳಲ್ಲಿ ಓಟ್ಸ್ ಇರುತ್ತದೆ, ಬ್ರೊಕೊಲಿ ಇರುತ್ತದೆ, ಆಲಿವ್ ಎಣ್ಣೆ ಇರುತ್ತದೆ. ಜೋಳದ ಮುದ್ದೆಯಿಲ್ಲ, ನವಣೆಯ ಅನ್ನವಿಲ್ಲ, ಪುಂಡಿಪಲ್ಯದ ಹೆಸರೇ ಇಲ್ಲ. ಮಾಲವಿಯ ಕಡೆಯ ಕೂಲಿಯ ಹೆಂಗಸು ಆ ಕಾಗದವನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡು ಹೋಗಿ, ಮನೆಯಲ್ಲಿ ಅದರಂತೆ ಏನೊಂದನ್ನೂ ಮಾಡಲಾರದೆ ಮತ್ತೆ ಅದೇ ರೋಗದೊಡನೆ ಬರುತ್ತಾಳೆ. ಇದು ನನ್ನನ್ನು ಕೆರಳಿಸುತ್ತದೆ, ಏಕೆಂದರೆ ಅಂಕಿಗಳ ಅಭಾವ ನಮಗಿಲ್ಲ. ನಮ್ಮ ಕಾಳುಗಳ ಸಾರವು 1937ರಿಂದಲೂ ಕೋಷ್ಟಕದಲ್ಲಿದೆ; ಹೈದರಾಬಾದಿನ ಸಂಸ್ಥೆಯು 2017ರಲ್ಲಿ ಅದನ್ನು ಹೊಸದಾಗಿ ಅಳೆದು, 528 ಆಹಾರಗಳನ್ನೊಳಗೊಂಡ ಗ್ರಂಥವಾಗಿ ಪ್ರಕಟಿಸಿದೆ. ಆ ಗ್ರಂಥವನ್ನು ಮುಂದಿಟ್ಟುಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮನೆಯೂಟದಿಂದಲೇ ಸಕ್ಕರೆ ಕಾಯಿಲೆಗೊಂದು, ಮೂತ್ರಪಿಂಡದ ರೋಗಿಗೊಂದು, ಬಾಣಂತಿಗೊಂದು ಪಟ್ಟಿಯನ್ನು ರೊಟ್ಟಿಗಳ ಸಂಖ್ಯೆಯಲ್ಲಿ, ಬಟ್ಟಲಿನ ಅಳತೆಯಲ್ಲಿ, ದೊಡ್ಡಕ್ಷರದ ಕನ್ನಡದಲ್ಲಿ ಸಿದ್ಧಪಡಿಸುವುದು ಒಬ್ಬ ಡಯಟಿಷಿಯನ್ನರಿಂದ ಕೆಲವು ವಾರಗಳಲ್ಲಿ ಆಗತಕ್ಕ ಕೆಲಸ.